ಗಡುವು, ಸೋಲು, ಹೊಣೆ: ವಿದ್ಯಾರ್ಥಿಯೊಬ್ಬ ಕಲಿತ ಪಾಠಗಳು

(ಯುವಜನರಿಗಾಗಿ ಏರ್ಪಡಿಸಿದ್ದ ವೃತ್ತಿ ಮಾರ್ಗದರ್ಶನ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ವಾರ್ಷಿಕ ಪರೀಕ್ಷೆಗಳು ಮುಗಿದು ಫಲಿತಾಂಶಕ್ಕಾಗಿ ಕಾಯುವ ದಿನಗಳು ಬಂದವೆಂದರೆ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಎನ್ನದೆ ಎಲ್ಲ ನಗರಗಳಲ್ಲಿಯೂ ವೃತ್ತಿ ಮಾರ್ಗದರ್ಶನ ಶಿಬಿರಗಳೂ ನಾಯಕತ್ವವನ್ನು ಕುರಿತ ಉಪನ್ಯಾಸಗಳೂ ಏರ್ಪಡುತ್ತವೆ. ವಿದ್ಯಾರ್ಥಿಗಳು ಟಿಪ್ಪಣಿ ಪುಸ್ತಕ ಹಿಡಿದು ಮುಂದಿನ ಸಾಲುಗಳಲ್ಲಿ ಕುಳಿತುಕೊಳ್ಳುತ್ತಾರೆ. ತಂದೆತಾಯಿಯರು ಹಿಂದಿನ ಸಾಲುಗಳಲ್ಲಿ ಕುಳಿತು, ತಮ್ಮ ಮಗ ಅಥವಾ ಮಗಳು ಏನನ್ನು ಬರೆದುಕೊಳ್ಳುತ್ತಿದ್ದಾರೆಂದು ಕತ್ತು ಚಾಚಿ ನೋಡುತ್ತಾರೆ. ಅರ್ಜಿಯನ್ನು ಹೇಗೆ ಬರೆಯಬೇಕು, ಸಂದರ್ಶನದಲ್ಲಿ ಹೇಗೆ ಕುಳಿತುಕೊಳ್ಳಬೇಕು, ಗುಂಪು ಚರ್ಚೆಯಲ್ಲಿ ಯಾವಾಗ ಬಾಯಿ ತೆರೆಯಬೇಕು ಎಂಬ ಸೂಚನೆಗಳು ಅಲ್ಲಿ ದೊರೆಯುತ್ತವೆ. ಇವೆಲ್ಲ ಬೇಡವಾದವುಗಳೇನೂ ಅಲ್ಲ. ಆದರೆ ಶಿಬಿರ ಮುಗಿದ ಮರುವಾರವೇ ಟಿಪ್ಪಣಿ ಪುಸ್ತಕವು ಕಪಾಟಿನ ಮೇಲಟ್ಟವನ್ನು ಸೇರುವುದುಂಟು. ಸೂಚನೆ ಮರೆತುಹೋಗುತ್ತದೆ, ಒಬ್ಬ ಮನುಷ್ಯ ಕಷ್ಟಕಾಲದಲ್ಲಿ ನಡೆದುಕೊಂಡ ರೀತಿ ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ.

ಆದ್ದರಿಂದ ಇಂದಿನ ವಿಷಯವನ್ನು ಸೂಚನೆಗಳ ಪಟ್ಟಿಯಾಗಿ ಅಲ್ಲದೆ ಒಬ್ಬ ವಿದ್ಯಾರ್ಥಿಯ ಜೀವನದ ಮೂಲಕ ನೋಡುವುದು ಯುಕ್ತ. ಆ ವಿದ್ಯಾರ್ಥಿಯ ಹೆಸರು ಎ.ಪಿ.ಜೆ. ಅಬ್ದುಲ್ ಕಲಾಂ. ಅವರು ರಾಷ್ಟ್ರಪತಿಯಾದದ್ದು, ಭಾರತರತ್ನ ಪಡೆದದ್ದು ಎಲ್ಲರಿಗೂ ತಿಳಿದ ಸಂಗತಿ. ಇಲ್ಲಿ ಮುಖ್ಯವಾದುದು ಅದಲ್ಲ. ಶುಲ್ಕಕ್ಕೆ ಹಣವಿಲ್ಲದಿದ್ದಾಗ, ಗುರುವಿನಿಂದ ಬೈಸಿಕೊಂಡಾಗ, ಆಯ್ಕೆಯಾಗದೆ ಹಿಂದಿರುಗಿದಾಗ, ತನ್ನ ನಿರ್ಧಾರವೇ ತಪ್ಪಾದಾಗ ಅವರು ಏನು ಕಲಿತರು ಎಂಬುದೇ ಮುಖ್ಯ. 1999ರಲ್ಲಿ ಪ್ರಕಟವಾದ ‘ವಿಂಗ್ಸ್ ಆಫ್ ಫೈರ್’ ಎಂಬ ಆತ್ಮಕಥೆಯಲ್ಲಿ ಅವರು ಇವನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ.

ದಾರಿ ತಿಳಿಯದೆ ಹೊರಟವನು

ಕಲಾಂ ಅವರು ಜನಿಸಿದ್ದು 1931ರ ಅಕ್ಟೋಬರ್ 15ರಂದು, ರಾಮೇಶ್ವರದಲ್ಲಿ. ತಂದೆ ಜೈನುಲಾಬ್ದೀನ್ ಹೆಚ್ಚು ಓದಿದವರಲ್ಲ, ಹಣವಂತರೂ ಅಲ್ಲ. ದೋಣಿಯನ್ನು ನಂಬಿ ಸಂಸಾರ ಸಾಗಿಸಿದವರು. ರಾಮೇಶ್ವರ ದೇವಾಲಯದ ಪ್ರಧಾನ ಅರ್ಚಕರಾಗಿದ್ದ ಪಕ್ಷಿ ಲಕ್ಷ್ಮಣ ಶಾಸ್ತ್ರಿಗಳು ಆ ತಂದೆಯ ಆಪ್ತಮಿತ್ರರು. ಸೀತಾರಾಮ ಕಲ್ಯಾಣೋತ್ಸವದ ಸಮಯದಲ್ಲಿ ದೇವರ ವಿಗ್ರಹಗಳನ್ನು ರಾಮತೀರ್ಥದ ನಡುವಿನ ಮಂಟಪಕ್ಕೆ ಕೊಂಡೊಯ್ಯಲು ದೋಣಿಗಳನ್ನು ಸಜ್ಜುಗೊಳಿಸುವ ಸೇವೆ ಈ ಕುಟುಂಬಕ್ಕೆ ಸೇರಿತ್ತೆಂಬುದನ್ನು ಕಲಾಂ ಸ್ಮರಿಸಿದ್ದಾರೆ.

ರಾಮನಾಥಪುರದ ಪ್ರೌಢಶಾಲೆಯಲ್ಲಿ ಓದು ಮುಗಿಸಿದ ಹುಡುಗ ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜನ್ನು ಸೇರಿ ಭೌತಶಾಸ್ತ್ರದಲ್ಲಿ ಪದವಿ ಪಡೆದನು. ಆದರೆ ಪದವಿ ಕೈಗೆ ಬರುವ ಹೊತ್ತಿಗೆ ಆತನಿಗೆ ಒಂದು ಸತ್ಯ ಮನವರಿಕೆಯಾಯಿತು: ಭೌತಶಾಸ್ತ್ರ ತನ್ನ ವಿಷಯವಲ್ಲ, ಹಾರಾಟದ ಕನಸು ನನಸಾಗಬೇಕಾದರೆ ಎಂಜಿನಿಯರಿಂಗ್ ಓದಬೇಕಾಗಿತ್ತು. ಇಂಟರ್‌ಮೀಡಿಯೆಟ್ ಮುಗಿದೊಡನೆಯೇ ಆ ಕಡೆಗೆ ತಿರುಗಬಹುದಾಗಿತ್ತು. ಆದರೆ ವಿಜ್ಞಾನ ಓದಿದವನಿಗೆ ಮುಂದೆ ಯಾವ ಯಾವ ದಾರಿಗಳಿವೆ ಎಂಬುದನ್ನು ತಿಳಿಸುವವರೇ ಆತನ ಸುತ್ತ ಇರಲಿಲ್ಲ.

ಇಂದಿನ ಮಕ್ಕಳ ಸಮಸ್ಯೆ ಇದಕ್ಕೆ ತದ್ವಿರುದ್ಧವಾದದ್ದು. ಮಾಹಿತಿಯ ಕೊರತೆ ಅವರಿಗಿಲ್ಲ. ಮಾಹಿತಿಯ ಪ್ರವಾಹದಲ್ಲಿ ತನಗೆ ಬೇಕಾದುದು ಯಾವುದೆಂದು ಗುರುತಿಸುವ ವ್ಯವಧಾನದ ಕೊರತೆ ಇದೆ. ಎರಡೂ ಸಂದರ್ಭಗಳಲ್ಲಿ ಪಾಠ ಒಂದೇ. ಯಾವ ವಿಷಯವನ್ನು ಓದುತ್ತಿದ್ದೇನೆ ಎಂಬುದಕ್ಕಿಂತ ಯಾವ ಕೆಲಸವನ್ನು ಮಾಡಲು ಬಯಸುತ್ತೇನೆ ಎಂದು ವಿದ್ಯಾರ್ಥಿಯು ತನ್ನನ್ನು ತಾನೇ ಬೇಗ ಕೇಳಿಕೊಳ್ಳಬೇಕು. ತಡವಾಗಿ ಕೇಳಿಕೊಂಡರೂ ಎಲ್ಲವೂ ಮುಗಿಯಿತೆಂದು ಭಾವಿಸಬೇಕಾಗಿಲ್ಲ. ತಡವಾಯಿತೆಂದು ಕಲಾಂ ಕೈಕಟ್ಟಿ ಕುಳಿತಿದ್ದರೆ ಅವರ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಅಕ್ಕನ ಬಳೆಗಳು

ಚೆನ್ನೈನ ಕ್ರೋಂಪೇಟೆಯಲ್ಲಿ 1949ರಲ್ಲಿ ಸ್ಥಾಪನೆಯಾಗಿದ್ದ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಆ ಕಾಲದಲ್ಲಿ ತಾಂತ್ರಿಕ ಶಿಕ್ಷಣಕ್ಕೆ ಹೆಸರಾದ ಸಂಸ್ಥೆ. ಪ್ರವೇಶಕ್ಕೆ ಆಯ್ಕೆಯೇನೋ ಆಯಿತು. ಆದರೆ ಸೇರಲು ಸುಮಾರು ಒಂದು ಸಾವಿರ ರೂಪಾಯಿ ಬೇಕಾಗಿತ್ತು. ತಂದೆಯ ಬಳಿ ಅಷ್ಟು ಹಣವಿರಲಿಲ್ಲ. ಆಗ ಅಕ್ಕ ಜೊಹರಾ ತಮ್ಮ ಚಿನ್ನದ ಬಳೆಗಳನ್ನೂ ಸರವನ್ನೂ ಒತ್ತೆಯಿಟ್ಟು ಹಣ ಹೊಂದಿಸಿದರು. ಆ ಬಳೆಗಳನ್ನು ತನ್ನ ಸ್ವಂತ ಸಂಪಾದನೆಯಿಂದಲೇ ಬಿಡಿಸಿಕೊಡಬೇಕೆಂದು ತಮ್ಮ ಸಂಕಲ್ಪ ಮಾಡಿದನು. ಅದಕ್ಕೆ ಅಂದು ಕಂಡ ದಾರಿ ಒಂದೇ: ಚೆನ್ನಾಗಿ ಓದಿ ವಿದ್ಯಾರ್ಥಿವೇತನವನ್ನು ಗಳಿಸುವುದು.

ಸಂಸ್ಥೆಯ ಆವರಣದಲ್ಲಿ ಬಳಕೆಯಿಂದ ತೆಗೆದ ಎರಡು ವಿಮಾನಗಳನ್ನು ಪ್ರದರ್ಶನಕ್ಕೆ ಇರಿಸಲಾಗಿತ್ತು. ಇತರ ವಿದ್ಯಾರ್ಥಿಗಳು ಹಾಸ್ಟೆಲಿಗೆ ಹೊರಟುಹೋದ ಮೇಲೂ ಈ ಹುಡುಗ ಅವುಗಳ ಬಳಿ ಕುಳಿತಿರುತ್ತಿದ್ದನು. ಮೊದಲ ವರ್ಷ ಮುಗಿದು ಶಾಖೆಯನ್ನು ಆರಿಸಿಕೊಳ್ಳುವ ಸಮಯ ಬಂದಾಗ ಆತ ಹಿಂದುಮುಂದು ನೋಡದೆ ವಿಮಾನ ಎಂಜಿನಿಯರಿಂಗನ್ನು ಆರಿಸಿಕೊಂಡನು.

ಒಂದು ಮನೆಯ ಹಿರಿಮಗಳು ತನ್ನ ಒಡವೆಯನ್ನು ಒತ್ತೆಯಿಟ್ಟು ತಮ್ಮನನ್ನು ಓದಿಸುವುದು ನಮ್ಮ ದೇಶದ ಮಧ್ಯಮ ವರ್ಗದ ಕುಟುಂಬಗಳಲ್ಲಿ ಅಪರೂಪದ ಸಂಗತಿಯಲ್ಲ. ಇಲ್ಲಿ ಗಮನಿಸಬೇಕಾದ ಅಂಶ ಬೇರೆ. ಒಡವೆ ಕೊಟ್ಟವರು ಇಂಥದೇ ಶಾಖೆಯನ್ನು ಓದಬೇಕೆಂದು ಹಟ ಹಿಡಿಯಲಿಲ್ಲ. ತೆಗೆದುಕೊಂಡವನು ಅದನ್ನು ಎಂದೂ ಮರೆಯಲಿಲ್ಲ. ಮಕ್ಕಳ ಓದಿಗೆ ಸಾಲ ಮಾಡಿರುವ ತಂದೆತಾಯಿಯರಿಗೂ, ಆ ಸಾಲದ ಮೇಲೆ ಓದುತ್ತಿರುವ ಮಕ್ಕಳಿಗೂ ಇದರಲ್ಲಿ ಒಂದೊಂದು ಪಾಠವಿದೆ.

ಮೂರು ದಿನಗಳ ಗಡುವು

ವ್ಯಾಸಂಗದ ಕೊನೆಯ ಘಟ್ಟದಲ್ಲಿ ಕೆಳಮಟ್ಟದಲ್ಲಿ ಹಾರಿ ದಾಳಿ ಮಾಡಬಲ್ಲ ವಿಮಾನವೊಂದರ ವಿನ್ಯಾಸವನ್ನು ರಚಿಸುವ ಕೆಲಸವನ್ನು ಕಲಾಂ ಮತ್ತು ಅವರ ನಾಲ್ವರು ಸಹಪಾಠಿಗಳಿಗೆ ವಹಿಸಲಾಯಿತು. ವಾಯುಬಲ ವಿನ್ಯಾಸದ ಹೊಣೆ ಕಲಾಂ ಅವರದು. ಉಳಿದವರು ಎಂಜಿನ್, ರಚನೆ, ನಿಯಂತ್ರಣ ಮುಂತಾದ ಭಾಗಗಳನ್ನು ಹಂಚಿಕೊಂಡಿದ್ದರು. ಒಂದು ದಿನ ಸಂಸ್ಥೆಯ ನಿರ್ದೇಶಕರೂ ವಿನ್ಯಾಸ ಶಾಸ್ತ್ರದ ಅಧ್ಯಾಪಕರೂ ಆಗಿದ್ದ ಪ್ರೊ. ಶ್ರೀನಿವಾಸನ್ ಬಂದು ಕೆಲಸವನ್ನು ಪರಿಶೀಲಿಸಿದರು. ಪ್ರಗತಿ ತೀರ ನಿರಾಶಾದಾಯಕವಾಗಿದೆಯೆಂದು ಮುಖಕ್ಕೆ ಹೊಡೆದಂತೆ ಹೇಳಿದರು.

ಕಲಾಂ ಹತ್ತಾರು ಕಾರಣಗಳನ್ನು ಹೇಳಿದರು; ಒಂದೂ ಗುರುಗಳಿಗೆ ಹಿಡಿಸಲಿಲ್ಲ. ಕೊನೆಗೆ ಒಂದು ತಿಂಗಳ ಕಾಲಾವಕಾಶವನ್ನು ಬೇಡಿದರು. ಅಂದು ಶುಕ್ರವಾರದ ಮಧ್ಯಾಹ್ನ. ಗುರುಗಳು ಕೊಟ್ಟ ಅವಧಿ ಮೂರೇ ದಿನ. ಸೋಮವಾರ ಬೆಳಿಗ್ಗೆ ನಕ್ಷೆ ಕೈಸೇರದಿದ್ದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ ಎಂದು ಹೇಳಿ ಹೊರಟುಹೋದರು.

ವಿದ್ಯಾರ್ಥಿವೇತನವೆಂದರೆ ಕಲಾಂ ಅವರ ಪಾಲಿಗೆ ಅಕ್ಕನ ಬಳೆ. ಆ ರಾತ್ರಿ ಊಟವನ್ನೂ ಬಿಟ್ಟು ನಕ್ಷೆಯ ಹಲಗೆಯ ಮುಂದೆ ನಿಂತರು. ಮರುದಿನ ಬೆಳಿಗ್ಗೆ ಒಂದು ಗಂಟೆಯಷ್ಟು ಮಾತ್ರ ಬಿಡುವು ಮಾಡಿಕೊಂಡು ಮತ್ತೆ ಕೆಲಸಕ್ಕೆ ಕೂತರು. ಭಾನುವಾರ ಬೆಳಿಗ್ಗೆ ಕೆಲಸ ಮುಕ್ತಾಯದ ಹಂತಕ್ಕೆ ಬಂದಿದ್ದಾಗ ಕೊಠಡಿಯಲ್ಲಿ ಯಾರೋ ನಿಂತಿರುವಂತೆನಿಸಿತು. ತಿರುಗಿ ನೋಡಿದರೆ, ಟೆನಿಸ್ ಆಟ ಮುಗಿಸಿ ಅದೇ ಉಡುಪಿನಲ್ಲಿ ಬಂದಿದ್ದ ಪ್ರೊ. ಶ್ರೀನಿವಾಸನ್. ಅವರು ನಕ್ಷೆಯನ್ನು ಪರಿಶೀಲಿಸಿ, ಶಿಷ್ಯನನ್ನು ಪ್ರೀತಿಯಿಂದ ಅಪ್ಪಿಕೊಂಡು ಬೆನ್ನು ತಟ್ಟಿದರು. ಪೂರೈಸಲಾಗದ ಗಡುವನ್ನು ಕೊಟ್ಟು ಒತ್ತಡಕ್ಕೆ ಗುರಿಪಡಿಸಿದ್ದು ತಮಗೆ ತಿಳಿದಿತ್ತೆಂದೂ, ಇಷ್ಟು ಚೆನ್ನಾಗಿ ಮಾಡುವನೆಂದು ನಿರೀಕ್ಷಿಸಿರಲಿಲ್ಲವೆಂದೂ ಒಪ್ಪಿಕೊಂಡರು.

ಈ ಪ್ರಸಂಗವನ್ನು ಅನೇಕರು ಕಷ್ಟಪಟ್ಟು ದುಡಿಯಬೇಕೆಂಬುದಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ಅದು ಅರ್ಧ ಸತ್ಯ ಮಾತ್ರ. ಗಡುವನ್ನು ಕೊಟ್ಟ ಗುರು ಭಾನುವಾರ ತಾವಾಗಿಯೇ ಬಂದು ನೋಡಿದರು ಎಂಬುದು ಉಳಿದರ್ಧ. ಕೆಲಸ ಹೇಳಿ ತಿರುಗಿ ನೋಡದವನು ಮೇಲಧಿಕಾರಿಯಾಗಬಹುದು, ಗುರುವಾಗಲಾರ. ನಾಳೆ ನಾಲ್ಕು ಜನರ ಮೇಲೆ ಅಧಿಕಾರ ಪಡೆಯಲಿರುವ ಯುವಕರು ಈ ವ್ಯತ್ಯಾಸವನ್ನು ಮನಗಾಣಬೇಕು. ಶಿಷ್ಯನ ಕಡೆಯಿಂದ ನೋಡಿದರೂ ಒಂದು ಮಾತಿದೆ. ಮೂರು ದಿನಗಳಲ್ಲಿ ನಕ್ಷೆ ಸಿದ್ಧವಾದದ್ದು ಮೂರು ದಿನಗಳ ದುಡಿಮೆಯಿಂದಷ್ಟೇ ಅಲ್ಲ; ಅದರ ಹಿಂದೆ ಮೂರು ವರ್ಷಗಳ ಓದಿತ್ತು. ಬುನಾದಿಯಿಲ್ಲದವನಿಗೆ ಮೂರು ತಿಂಗಳು ಕೊಟ್ಟರೂ ಸಾಲದು.

ಮೂರು ಸಂದರ್ಶನಗಳು

ವ್ಯಾಸಂಗ ಮುಗಿಸಿದ ಕಲಾಂ ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ತರಬೇತಿ ಪಡೆದರು. ವಿಮಾನದ ಎಂಜಿನ್‌ಗಳನ್ನು ಬಿಚ್ಚಿ, ಸವೆದ ಭಾಗಗಳನ್ನು ಪರೀಕ್ಷಿಸಿ, ಮತ್ತೆ ಜೋಡಿಸುವ ಕೆಲಸವನ್ನು ಅಲ್ಲಿ ಕೈಯಾರೆ ಮಾಡಿದರು. ಪುಸ್ತಕದಲ್ಲಿ ಓದಿದ ಸಿದ್ಧಾಂತವು ಎಣ್ಣೆ ಮೆತ್ತಿದ ಕೈಗಳಿಗೆ ಅರ್ಥವಾಗುವ ಬಗೆಯೇ ಬೇರೆಯೆಂಬುದನ್ನು ಅಲ್ಲಿಯೇ ಕಂಡುಕೊಂಡರು. ಆ ಬಳಿಕ ಅವರ ಮುಂದೆ ಎರಡು ಅವಕಾಶಗಳಿದ್ದವು. ಒಂದು ದೆಹಲಿಯಲ್ಲಿ ರಕ್ಷಣಾ ಸಚಿವಾಲಯದ ತಾಂತ್ರಿಕ ಅಭಿವೃದ್ಧಿ ಮತ್ತು ಉತ್ಪಾದನಾ ನಿರ್ದೇಶನಾಲಯದ ಹುದ್ದೆ. ಇನ್ನೊಂದು ವಾಯುಸೇನೆಯ ಹುದ್ದೆ. ಮನಸ್ಸು ವಾಯುಸೇನೆಯ ಮೇಲಿತ್ತು.

ದೆಹಲಿಯ ಸಂದರ್ಶನ ಸುಲಭವಾಗಿ ಮುಗಿಯಿತು. ಅಲ್ಲಿಂದ ದೆಹರಾದೂನಿಗೆ ಹೋದರು. ಅಲ್ಲಿ ವಿಷಯಜ್ಞಾನಕ್ಕಿಂತ ವ್ಯಕ್ತಿತ್ವಕ್ಕೆ, ಚುರುಕುತನಕ್ಕೆ ಹೆಚ್ಚಿನ ಒತ್ತು. 25 ಅಭ್ಯರ್ಥಿಗಳಲ್ಲಿ 8 ಮಂದಿಗೆ ಮಾತ್ರ ಅವಕಾಶವಿತ್ತು. ಕಲಾಂ ಅವರಿಗೆ ದೊರೆತದ್ದು ಒಂಬತ್ತನೆಯ ಸ್ಥಾನ. ಚಿಕ್ಕಂದಿನಿಂದ ಕಂಡ ಕನಸು ಒಂದು ಸ್ಥಾನದ ಅಂತರದಲ್ಲಿ ಕೈತಪ್ಪಿತು. ಭಾರವಾದ ಮನಸ್ಸಿನಿಂದ ಅವರು ಹೃಷೀಕೇಶಕ್ಕೆ ಬಂದು, ಗಂಗೆಯಲ್ಲಿ ಮಿಂದು, ಸ್ವಾಮಿ ಶಿವಾನಂದರ ಆಶ್ರಮಕ್ಕೆ ನಡೆದರು. ಸ್ವಾಮಿಗಳು ಯುವಕನ ಧರ್ಮವನ್ನು ಕೇಳಲಿಲ್ಲ, ದುಃಖದ ಕಾರಣವನ್ನು ಕೇಳಿದರು. ಈ ಸೋಲನ್ನು ಮರೆತು, ತನಗಾಗಿ ನಿಯತವಾದ ಕೆಲಸ ಯಾವುದೆಂಬುದನ್ನು ಹುಡುಕಬೇಕೆಂದು ತಿಳಿಯಹೇಳಿದರು. ದೆಹಲಿಗೆ ಮರಳಿದಾಗ ನೇಮಕಾತಿಯ ಆದೇಶ ಕಾದಿತ್ತು. 1958ರಲ್ಲಿ ತಿಂಗಳಿಗೆ 250 ರೂಪಾಯಿಗಳ ಮೂಲವೇತನದ ಮೇಲೆ ಹಿರಿಯ ವೈಜ್ಞಾನಿಕ ಸಹಾಯಕರಾಗಿ ಅವರ ವೃತ್ತಿಜೀವನ ಪ್ರಾರಂಭವಾಯಿತು.

ಮುಂದೆ ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯಲ್ಲಿ ಒಂದು ಸಣ್ಣ ತಂಡದೊಡನೆ ಅವರು ‘ನಂದಿ’ ಎಂಬ ಹೋವರ್‌ಕ್ರಾಫ್ಟ್, ಅಂದರೆ ನೆಲಕ್ಕೆ ತಾಗದೆ ಗಾಳಿಯ ಮೆತ್ತೆಯ ಮೇಲೆ ಚಲಿಸುವ ವಾಹನವನ್ನು ನಿರ್ಮಿಸಿದರು. ರಕ್ಷಣಾ ಸಚಿವರಾಗಿದ್ದ ವಿ.ಕೆ. ಕೃಷ್ಣ ಮೆನನ್ ಅದರಲ್ಲಿ ಕುಳಿತು ಸಂಚರಿಸಿದ್ದೂ ಉಂಟು. ಅವರು ಅಧಿಕಾರದಿಂದ ಇಳಿದ ಮೇಲೆ ಯೋಜನೆ ಮೂಲೆ ಸೇರಿತು. ವರ್ಷಗಳ ದುಡಿಮೆ ವ್ಯರ್ಥವಾಯಿತೆಂದು ಕಲಾಂ ನೊಂದಿದ್ದಾಗ, ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಪ್ರೊ. ಎಂ.ಜಿ.ಕೆ. ಮೆನನ್ ಬಂದು ಆ ಯಂತ್ರವನ್ನು ನೋಡಿ, ಹಲವು ಪ್ರಶ್ನೆಗಳನ್ನು ಕೇಳಿ ಹೋದರು. ಕೆಲವೇ ದಿನಗಳಲ್ಲಿ ಬಾಹ್ಯಾಕಾಶ ಸಂಶೋಧನ ಸಮಿತಿಯಿಂದ ಮುಂಬಯಿಯಲ್ಲಿ ಸಂದರ್ಶನಕ್ಕೆ ಕರೆ ಬಂತು.

ಈ ಮೂರನೆಯ ಸಂದರ್ಶನವನ್ನು ನಡೆಸಿದವರಲ್ಲಿ ವಿಕ್ರಂ ಸಾರಾಭಾಯಿ ಅವರೂ ಇದ್ದರು. ಅಭ್ಯರ್ಥಿಗೆ ಏನು ತಿಳಿದಿಲ್ಲ ಎಂಬುದನ್ನು ಅವರು ಹುಡುಕಲಿಲ್ಲ. ಆತ ಮುಂದೆ ಏನಾಗಬಲ್ಲನು ಎಂಬುದನ್ನು ಹುಡುಕಿದರೆಂದು ಕಲಾಂ ನೆನೆಯುತ್ತಾರೆ. ಮರುದಿನ ಸಂಜೆಯೇ ಆಯ್ಕೆಯ ಸುದ್ದಿ ತಿಳಿಯಿತು. ಮೂಲೆ ಸೇರಿದ್ದ ‘ನಂದಿ’ಯೇ ಅವರನ್ನು ಬಾಹ್ಯಾಕಾಶದ ದಾರಿಗೆ ತಂದು ನಿಲ್ಲಿಸಿತ್ತು. ಒಂದೆಡೆ ಆಯ್ಕೆಯಾಗದಿರುವುದು ಆ ಹುದ್ದೆಗೆ ಸಂಬಂಧಿಸಿದ ತೀರ್ಪು ಮಾತ್ರ, ಮನುಷ್ಯನ ಯೋಗ್ಯತೆಯ ತೀರ್ಪಲ್ಲ. ಕ್ಯಾಂಪಸ್ ಸಂದರ್ಶನದಲ್ಲಿ ಹೆಸರು ಬಾರದೆ ಮನೆಗೆ ಬಂದ ಮಗನ ಮುಂದೆ ಪಕ್ಕದ ಮನೆಯವರ ಮಗನ ಸಂಬಳದ ಮಾತನ್ನು ಎತ್ತುವ ಮೊದಲು ತಂದೆತಾಯಿಯರು ಆ ಒಂಬತ್ತನೆಯ ಸ್ಥಾನವನ್ನು ನೆನೆಯಬೇಕು. ಆ ರಾತ್ರಿ ಆ ಹುಡುಗನಿಗೆ ಬೇಕಾದುದು ಶಿವಾನಂದರು ಕೇಳಿದಂಥ ಒಂದು ಪ್ರಶ್ನೆ, ಹೋಲಿಕೆಯಲ್ಲ.

ತಪ್ಪಿದ ನಿರ್ಧಾರ, ತಪ್ಪದ ನಾಯಕ

ಇನ್ನು ನಾಯಕತ್ವದ ವಿಚಾರ. 1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಲ್ಲಿ ಎಸ್.ಎಲ್.ವಿ.-3 ಎಂಬ ನಾಲ್ಕು ಹಂತಗಳ ರಾಕೆಟ್ಟು ಮೊದಲ ಉಡಾವಣೆಗೆ ಸಿದ್ಧವಾಗಿ ನಿಂತಿತ್ತು. 17 ಟನ್ ತೂಕ, ಸುಮಾರು 23 ಮೀಟರು ಎತ್ತರ. ಹಲವು ವರ್ಷಗಳಿಂದ ಅದಕ್ಕಾಗಿ ದುಡಿದ ತಂಡದ ನಾಯಕ ಕಲಾಂ. ಕೊನೆಯ ನಿಮಿಷಗಳ ಎಣಿಕೆ ನಡೆಯುತ್ತಿದ್ದಾಗ ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ದೋಷವಿದೆಯೆಂದು ಗಣಕಯಂತ್ರವು ಎಣಿಕೆಯನ್ನು ತಡೆಹಿಡಿಯಿತು. ಅಲ್ಲಿ ನೈಟ್ರಿಕ್ ಆಮ್ಲ ಸೋರುತ್ತಿತ್ತು. ಸಂಗ್ರಹದಲ್ಲಿ ಸಾಕಷ್ಟು ಆಮ್ಲವಿದೆ, ಮುಂದುವರಿಯಬಹುದು ಎಂದು ತಜ್ಞರು ಲೆಕ್ಕ ಹಾಕಿ ಹೇಳಿದರು. ಕಲಾಂ ಗಣಕಯಂತ್ರದ ಎಚ್ಚರಿಕೆಯನ್ನು ಬದಿಗೊತ್ತಿ ಉಡಾವಣೆಗೆ ಆದೇಶವಿತ್ತರು.

ಮೊದಲ ಹಂತ ಸರಿಯಾಗಿ ಕೆಲಸ ಮಾಡಿತು. ಎರಡನೆಯ ಹಂತದಲ್ಲಿ ರಾಕೆಟ್ಟು ಹತೋಟಿ ತಪ್ಪಿತು. 317 ಸೆಕೆಂಡುಗಳಲ್ಲಿ ಎಲ್ಲವೂ ಬಂಗಾಳ ಕೊಲ್ಲಿಯ ಪಾಲಾಯಿತು. ಒಂದು ಕವಾಟದೊಳಗೆ ಸೇರಿದ್ದ ಧೂಳು ಈ ಸೋರಿಕೆಗೆ ಮೂಲವೆಂದು ಅನಂತರದ ತನಿಖೆಯಿಂದ ತಿಳಿಯಿತು. ಬರಿಗಣ್ಣಿಗೆ ಬೀಳದ ಧೂಳಿನ ಕಣ ಹಲವು ವರ್ಷಗಳ ಶ್ರಮವನ್ನು ಸಮುದ್ರಕ್ಕೆ ತಳ್ಳಿತು.

ಹೊರಗೆ ಪತ್ರಕರ್ತರು ಕಾದಿದ್ದರು. ಜನರ ತೆರಿಗೆಯ ಹಣ ನೀರಿಗೆ ಹೋಯಿತೆಂಬ ಟೀಕೆ ಖಚಿತವಾಗಿತ್ತು. ಕಲಾಂ ದಣಿವು ಮತ್ತು ದುಃಖಗಳಿಂದ ಕುಗ್ಗಿಹೋಗಿದ್ದರು. ಆಗ ಇಸ್ರೋ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಪ್ರೊ. ಸತೀಶ್ ಧವನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಅವರೇ. ಅವರು ಕಲಾಂ ಅವರನ್ನು ಕರೆದುಕೊಂಡು ಪತ್ರಿಕಾಗೋಷ್ಠಿಗೆ ಹೋಗಿ ತಾವೇ ಮುಂದೆ ಕುಳಿತರು. ಪ್ರಯತ್ನ ವಿಫಲವಾಯಿತೆಂದು ಒಪ್ಪಿಕೊಂಡರು. ತಮ್ಮ ತಂಡದ ಮೇಲೆ ಪೂರ್ಣ ವಿಶ್ವಾಸವಿದೆಯೆಂದೂ, ಒಂದು ವರ್ಷದೊಳಗೆ ಯಶಸ್ಸು ಸಾಧಿಸುವುದಾಗಿಯೂ ಸಾರಿದರು. ತಪ್ಪು ಯಾರದೆಂದು ಬೆರಳು ಮಾಡಿ ತೋರಿಸಲಿಲ್ಲ.

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಇದರ ಇನ್ನೊಂದು ಭಾಗ ಅಷ್ಟೇ ಮುಖ್ಯವಾದದ್ದು. ಅನಂತರ ನಡೆದ ಪರಿಶೀಲನ ಸಭೆಯಲ್ಲಿ ತಂಡದ ವಿಜ್ಞಾನಿಗಳು ಸೋಲಿನ ತಾಂತ್ರಿಕ ಕಾರಣಗಳನ್ನು ವಿವರಿಸಿದರು. ಕಲಾಂ ಸುಮ್ಮನಿರಬಹುದಾಗಿತ್ತು. ಆದರೆ ಎದ್ದು ನಿಂತು, ಸೋರಿಕೆಯನ್ನು ನಗಣ್ಯವೆಂದು ಎಣಿಸಿದ್ದು ತಮ್ಮ ತಪ್ಪು, ಉಡಾವಣೆಯನ್ನು ತಡೆದು ಸಾಧ್ಯವಾದರೆ ರಾಕೆಟ್ಟನ್ನು ಉಳಿಸಬೇಕಾಗಿತ್ತು, ಹೊಣೆ ತಮ್ಮದು ಎಂದು ಹೇಳಿದರು. ಹೊರಗೆ ಹಿರಿಯನು ಕಿರಿಯನನ್ನು ರಕ್ಷಿಸಿದನು. ಒಳಗೆ ಕಿರಿಯನು ಆ ರಕ್ಷಣೆಯ ಮರೆಯಲ್ಲಿ ಅಡಗಿಕೊಳ್ಳಲಿಲ್ಲ. ಈ ಎರಡೂ ಕೂಡಿದಾಗಲೇ ಒಂದು ಸಂಸ್ಥೆ ಸೋಲಿನಿಂದ ಮೇಲೇಳುತ್ತದೆ. ಹಿರಿಯರ ರಕ್ಷಣೆ ಮಾತ್ರವಿದ್ದರೆ ಕಿರಿಯರು ಬೇಜವಾಬ್ದಾರರಾಗುತ್ತಾರೆ. ಕಿರಿಯರ ತಪ್ಪೊಪ್ಪಿಗೆ ಮಾತ್ರವಿದ್ದರೆ ಹಿರಿಯರು ಅದನ್ನು ಆಯುಧವಾಗಿ ಬಳಸುತ್ತಾರೆ.

1980ರ ಜುಲೈ 18ರಂದು ಎರಡನೆಯ ಎಸ್.ಎಲ್.ವಿ.-3 ರಾಕೆಟ್ಟು 35 ಕಿಲೋ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಸ್ವಂತ ರಾಕೆಟ್ಟಿನಿಂದ ಉಪಗ್ರಹ ಹಾರಿಸಿದ ಕೆಲವೇ ರಾಷ್ಟ್ರಗಳ ಸಾಲಿಗೆ ಭಾರತವೂ ಸೇರಿತು. ಅಂದೂ ಪತ್ರಿಕಾಗೋಷ್ಠಿಯಿತ್ತು. ಧವನ್ ಅವರು ಕಲಾಂ ಅವರನ್ನು ಕರೆದು, ಈ ದಿನ ಪತ್ರಕರ್ತರೊಡನೆ ನೀವೇ ಮಾತನಾಡಿ ಎಂದರು. ಸೋಲು ಬಂದಾಗ ನಾಯಕ ತಾನು ಹೊತ್ತುಕೊಂಡು, ಗೆಲುವು ಬಂದಾಗ ತಂಡಕ್ಕೆ ಬಿಟ್ಟುಕೊಡುವ ಈ ನಡತೆಯನ್ನು ಯಾವ ಗ್ರಂಥದಿಂದಲೂ ಕಲಿಯಲಿಲ್ಲ, ಅನುಭವದಿಂದ ಕಲಿತೆ ಎಂದು ಕಲಾಂ ದೇಶದ ಉದ್ದಗಲಕ್ಕೂ ವಿದ್ಯಾರ್ಥಿಗಳ ಸಭೆಗಳಲ್ಲಿ ಹೇಳುತ್ತ ಬಂದರು.

ಅದೇ ಕಡಲು, ಇನ್ನೊಬ್ಬ ಎಂಜಿನಿಯರ್

ಕಲಾಂ ಹುಟ್ಟಿದ ದ್ವೀಪವನ್ನು ಭೂಭಾಗಕ್ಕೆ ಜೋಡಿಸಿದ್ದು 1914ರಲ್ಲಿ ಸಂಚಾರಕ್ಕೆ ತೆರೆದ ಪಾಂಬನ್ ರೈಲ್ವೆ ಸೇತುವೆ. ನೇತೃತ್ವದ ಇನ್ನೊಂದು ಪಾಠ ಆ ಸೇತುವೆಯ ಮೇಲೆಯೇ ನಡೆಯಿತು. 1964ರ ಡಿಸೆಂಬರ್ 22ರ ರಾತ್ರಿ ಬೀಸಿದ ಚಂಡಮಾರುತ ಧನುಷ್ಕೋಟಿಯನ್ನು ನಾಶಮಾಡಿತು. ಧನುಷ್ಕೋಟಿಯತ್ತ ಹೊರಟಿದ್ದ ಪ್ಯಾಸೆಂಜರ್ ರೈಲು ಪ್ರಯಾಣಿಕರೊಡನೆ ಸಮುದ್ರದ ಪಾಲಾಯಿತು. ಎರಡು ಕಿ.ಮೀ. ಉದ್ದದ ಸೇತುವೆಯ ಬಹುಪಾಲು ಗರ್ಡರುಗಳು ಕೊಚ್ಚಿಹೋದವು. ಹಡಗುಗಳಿಗೆ ದಾರಿ ಬಿಡಲು ತೆರೆದುಕೊಳ್ಳುವ ನಡುವಿನ ಭಾಗ ಮಾತ್ರ ಉಳಿದುಕೊಂಡಿತು.

ದುರಸ್ತಿಗೆ ರೈಲ್ವೆ ಆಡಳಿತ ಮೊದಲು ಆರು ತಿಂಗಳ ಅವಧಿಯನ್ನು ಗೊತ್ತುಮಾಡಿತು. ಬಳಿಕ ಅದನ್ನು ಮೂರು ತಿಂಗಳಿಗೆ ಇಳಿಸಲಾಯಿತು. ಹೊಣೆಯನ್ನು ವಹಿಸಿಕೊಂಡವರು 32 ವರ್ಷದ ಇ. ಶ್ರೀಧರನ್. ಕೆಲಕಾಲ ಕೋಳಿಕ್ಕೋಡಿನ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ, ಆ ಬಳಿಕ ರೈಲ್ವೆ ಎಂಜಿನಿಯರಿಂಗ್ ಸೇವೆಗೆ ಬಂದವರು. ಹೊಸ ಗರ್ಡರುಗಳನ್ನು ದೇಶದ ನಾನಾ ಭಾಗಗಳಿಂದ ತರಿಸುವುದೇ ಮೊದಲ ಯೋಚನೆಯಾಗಿತ್ತು. ಅದಕ್ಕೆ ತಿಂಗಳುಗಳೇ ಬೇಕು. ಅಷ್ಟರಲ್ಲಿ ಗರ್ಡರುಗಳು ಸಮುದ್ರದ ತಳದಲ್ಲಿಯೇ ಬಿದ್ದಿರುವ ಸುಳಿವು ಸ್ಥಳೀಯ ಮೀನುಗಾರರಿಂದ ದೊರೆಯಿತು. ಆ ಮಾತನ್ನು ಅವರು ತಳ್ಳಿಹಾಕಲಿಲ್ಲ. ಗರ್ಡರುಗಳನ್ನು ನೀರಿನಿಂದ ಮೇಲೆತ್ತಿ, ಸರಿಪಡಿಸಿ, ಮತ್ತೆ ಕಂಬಗಳ ಮೇಲೆ ಕೂರಿಸುವ ಕೆಲಸ ಪ್ರಾರಂಭವಾಯಿತು. ಮೊದಲು ದಿನಕ್ಕೊಂದು ಏಳುವುದೂ ಕಷ್ಟವಾಗಿತ್ತು. ಕೈ ಪಳಗಿದಂತೆ ವೇಗ ಹೆಚ್ಚಿತು. ಆರು ತಿಂಗಳ ಕೆಲಸ 46 ದಿನಗಳಲ್ಲಿ ಮುಗಿದು, ಸೇತುವೆ ಮತ್ತೆ ಸಂಚಾರಕ್ಕೆ ಸಿದ್ಧವಾಯಿತು. ರೈಲ್ವೆ ಸಚಿವರ ಪ್ರಶಸ್ತಿಯೂ ಅವರಿಗೆ ಸಂದಿತು. ಆ ಹಳೆಯ ಸೇತುವೆ 2022ರ ಡಿಸೆಂಬರಿನವರೆಗೂ ರೈಲುಗಳನ್ನು ಹೊತ್ತಿತು. 2025ರ ಏಪ್ರಿಲ್ 6ರ ರಾಮನವಮಿಯಂದು ಅದರ ಪಕ್ಕದ ಹೊಸ ಸೇತುವೆ ಉದ್ಘಾಟನೆಗೊಂಡಿತು.

ಅದೇ ಶ್ರೀಧರನ್ 1990ರಲ್ಲಿ ಕೊಂಕಣ ರೈಲ್ವೆಯ ಮುಖ್ಯಸ್ಥರಾದರು. ಮುಂಬಯಿಯ ಕನ್ನಡಿಗರು ಉಡುಪಿಗೆ ಹೋಗಬೇಕಾದರೆ ಘಟ್ಟದ ರಸ್ತೆಯಲ್ಲಿ ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಾಡಬೇಕಾಗಿದ್ದ ಕಾಲವನ್ನು ಇಲ್ಲಿನ ಹಿರಿಯರು ಮರೆತಿರಲಾರರು. ರೋಹಾದಿಂದ ಮಂಗಳೂರಿನ ಸಮೀಪದ ತೋಕೂರಿನವರೆಗೆ ಸುಮಾರು 740 ಕಿ.ಮೀ.; ದಾರಿಯುದ್ದಕ್ಕೂ ನದಿ, ಕಣಿವೆ, ಬೆಟ್ಟ; 91 ಸುರಂಗಗಳು. ಗೋವೆಯ ಪೆರ್ನೆಮ್ ಸುರಂಗದಲ್ಲಿ ಅಗೆದಷ್ಟೂ ಮೆತ್ತನೆಯ ಮಣ್ಣು ಕುಸಿದು ಜೀವಹಾನಿಯೂ ಆಯಿತು, ಕಾಲವೂ ಮೀರಿತು. 1998ರ ಜನವರಿಯಲ್ಲಿ ಪೂರ್ಣ ಮಾರ್ಗ ತೆರೆಯಿತು. ಯೋಜನೆಯ ಕಚೇರಿಗಳಲ್ಲಿ ಇನ್ನೆಷ್ಟು ದಿನಗಳು ಉಳಿದಿವೆ ಎಂಬುದನ್ನು ತೋರಿಸುವ ಹಿಮ್ಮುಖ ಗಡಿಯಾರಗಳನ್ನು ಅವರು ಇರಿಸಿದ್ದರು. ಮುಂದೆ ದೆಹಲಿ ಮೆಟ್ರೋದಲ್ಲಿಯೂ ಅದೇ ಪದ್ಧತಿಯನ್ನು ಅನುಸರಿಸಿದರು. ಅದರ ಮೊದಲ ಮಾರ್ಗ 2002ರ ಡಿಸೆಂಬರಿನಲ್ಲಿ ಪ್ರಾರಂಭವಾಯಿತು.

ಶುಕ್ರವಾರದ ಮಧ್ಯಾಹ್ನ ಕ್ರೋಂಪೇಟೆಯಲ್ಲಿ ಗುರುವೊಬ್ಬರು ಕೊಟ್ಟ ಗಡುವಿಗೂ ಈ ಗಡಿಯಾರಕ್ಕೂ ಹೆಚ್ಚಿನ ಅಂತರವಿಲ್ಲ. ಆದರೆ ಗಡಿಯಾರವೊಂದೇ ಸೇತುವೆಯನ್ನು ಎತ್ತಲಾರದು. ತನಗಿಂತ ಕಡಿಮೆ ಓದಿದವನಲ್ಲಿಯೂ ತನಗೆ ತಿಳಿಯದ ಒಂದು ಸಂಗತಿ ಇರಬಹುದೆಂಬ ವಿನಯ ಎಂಜಿನಿಯರಿಗೆ ಇರಬೇಕು. ಪಾಂಬನ್ನಿನಲ್ಲಿ ಕಾಲ ಉಳಿದದ್ದು ಮೀನುಗಾರನ ಮಾತಿಗೆ ಕಿವಿಗೊಟ್ಟದ್ದರಿಂದ.

ನಿಂತಿದ್ದ ಯೋಧ

ಕೊನೆಯ ಪ್ರಸಂಗ 2015ರ ಜುಲೈ 27ರದು. 83 ವರ್ಷದ ಕಲಾಂ ಶಿಲಾಂಗ್‌ನ ಭಾರತೀಯ ಆಡಳಿತ ನಿರ್ವಹಣ ಸಂಸ್ಥೆಯ ವಿದ್ಯಾರ್ಥಿಗಳಿಗೆ ಉಪನ್ಯಾಸ ನೀಡಲು ಗುವಾಹಟಿಯಿಂದ ಕಾರಿನಲ್ಲಿ ಹೊರಟಿದ್ದರು. ಸುಮಾರು ಎರಡೂವರೆ ಗಂಟೆಯ ಘಟ್ಟದ ದಾರಿ. ಮುಂದಿನ ತೆರೆದ ಜೀಪಿನಲ್ಲಿ ಒಬ್ಬ ಯೋಧ ಬಂದೂಕು ಹಿಡಿದು ನಿಂತೇ ಇದ್ದನು. ಆತ ಏಕೆ ನಿಂತಿದ್ದಾನೆ, ದಣಿಯುವುದಿಲ್ಲವೇ, ಕುಳಿತುಕೊಳ್ಳುವಂತೆ ನಿಸ್ತಂತು ಸಂದೇಶ ಕಳುಹಿಸಲಾಗುವುದೇ ಎಂದು ಕಲಾಂ ಮತ್ತೆ ಮತ್ತೆ ಕೇಳಿದರೆಂದು ಜೊತೆಯಲ್ಲಿದ್ದ ಅವರ ಸಹಾಯಕರು ಬರೆದಿದ್ದಾರೆ. ಸಂದೇಶ ಮುಟ್ಟಲಿಲ್ಲ. ಶಿಲಾಂಗ್ ತಲುಪಿದೊಡನೆ ಆ ಯೋಧನನ್ನು ಹುಡುಕಿಸಿ ಕರೆಸಿದರು. ಕೈಕುಲುಕಿ, ಧನ್ಯವಾದ ಹೇಳಿ, ದಣಿವಾಯಿತೇ, ಏನಾದರೂ ತಿನ್ನುವೆಯಾ ಎಂದು ವಿಚಾರಿಸಿದರು. ತಮ್ಮಿಂದಾಗಿ ಅಷ್ಟು ಹೊತ್ತು ನಿಲ್ಲಬೇಕಾಯಿತೆಂದು ಕ್ಷಮೆ ಕೇಳಿದರು.

ಆ ಬಳಿಕ, ವಿದ್ಯಾರ್ಥಿಗಳನ್ನು ಕಾಯಿಸಬಾರದೆಂದು ಬೇಗನೆ ಸಭಾಂಗಣಕ್ಕೆ ನಡೆದರು. ವಾಸಯೋಗ್ಯವಾದ ಭೂಮಿಯನ್ನು ನಿರ್ಮಿಸುವ ಬಗೆ ಅಂದಿನ ವಿಷಯ. ಮಾತು ಪ್ರಾರಂಭಿಸಿದ ಕೆಲವೇ ನಿಮಿಷಗಳಲ್ಲಿ ವೇದಿಕೆಯ ಮೇಲೆಯೇ ಕುಸಿದರು, ಮತ್ತೆ ಏಳಲಿಲ್ಲ. ಆ ದಿನ ಶಿಲಾಂಗ್‌ನ ವಿದ್ಯಾರ್ಥಿಗಳಿಗೆ ಉಪನ್ಯಾಸ ಪೂರ್ಣವಾಗಿ ದೊರೆಯಲಿಲ್ಲ. ಆದರೆ ಸಭಾಂಗಣದ ಹೊರಗೆ ನಡೆದದ್ದೇ ನಾಯಕತ್ವದ ಪೂರ್ಣ ಪಾಠವಾಗಿತ್ತು. ತನಗಾಗಿ ನಿಂತವನನ್ನು ಗಮನಿಸುವ ಕಣ್ಣು, ಅವನಿಗೆ ಕೃತಜ್ಞತೆ ಹೇಳುವ ಬಾಯಿ, ಎರಡೂ ಪದವಿಯಿಂದ ಬರುವಂಥವಲ್ಲ.

ಮನೆಗೆ ಒಯ್ಯಬೇಕಾದದ್ದು

ಯುವಮಿತ್ರರೇ, ಈ ಜೀವನದಿಂದ ವಿದ್ಯಾರ್ಥಿಯು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಬೇಕಾದದ್ದು ಹೆಚ್ಚೇನೂ ಇಲ್ಲ. ಮಾಡಬೇಕೆನಿಸುವ ಕೆಲಸವನ್ನು ಬೇಗ ಗುರುತಿಸಿಕೊಳ್ಳಿ. ತಡವಾದರೆ ತಡವಾಗಿಯೇ ತಿರುಗಿಕೊಳ್ಳಿ. ಪ್ರತಿದಿನದ ಓದು ಗಟ್ಟಿಯಾಗಿರಲಿ. ಗಡುವು ಹೇಳದೆ ಬರುತ್ತದೆ. ಆಯ್ಕೆಯಾಗದಿದ್ದರೆ ಒಂದು ರಾತ್ರಿ ದುಃಖಿಸಿ, ಮರುದಿನ ಮುಂದಿನ ಊರಿನ ಟಿಕೆಟು ತೆಗೆದುಕೊಳ್ಳಿ. ಯಂತ್ರವಾಗಲಿ ಮನುಷ್ಯನಾಗಲಿ ಎಚ್ಚರಿಕೆ ಕೊಟ್ಟಾಗ ಅವಸರದಲ್ಲಿ ಅದನ್ನು ಬದಿಗೊತ್ತಬೇಡಿ. ಬದಿಗೊತ್ತಿ ತಪ್ಪಿದಿರಾದರೆ ಎದ್ದು ನಿಂತು ತಪ್ಪು ತಮ್ಮದೆನ್ನಿ.

ಹಿರಿಯರಲ್ಲಿಯೂ ಒಂದು ವಿಜ್ಞಾಪನೆ. ಮನೆಯೆಂಬುದು ಮಕ್ಕಳು ಕಾಣುವ ಮೊದಲ ಕಚೇರಿ. ತಂದೆತಾಯಿಯರೇ ಅಲ್ಲಿನ ಮೊದಲ ಅಧಿಕಾರಿಗಳು. ಅಂಕಗಳು ಕಡಿಮೆಯಾದ ದಿನ ಬಂಧುಗಳ ಮುಂದೆ ಮಗುವನ್ನು ನಿಲ್ಲಿಸಿ ಕಾರಣ ಕೇಳುವುದೋ, ಧವನ್ ಅವರಂತೆ ತಾವು ಮುಂದೆ ಕುಳಿತು ಮಾತನಾಡುವುದೋ ಎಂಬುದನ್ನು ಅವರೇ ನಿರ್ಧರಿಸಬೇಕು. ಹಾಗೆ ಒಮ್ಮೆ ರಕ್ಷಣೆ ಪಡೆದ ಮಗು ಒಳಗೆ ಬಂದು ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವ ಧೈರ್ಯವನ್ನು ಪಡೆಯುತ್ತದೆ. ಮುಂದೊಂದು ದಿನ ಗೆಲುವು ಬಂದಾಗ, ಮಾತನಾಡುವ ಅವಕಾಶವನ್ನು ಆ ಮಗುವಿಗೇ ಬಿಟ್ಟು ಹಿಂದಿನ ಸಾಲಿನಲ್ಲಿ ಕುಳಿತು ಕೇಳುವ ಭಾಗ್ಯ ತಂದೆತಾಯಿಯರದಾಗಲಿ.